ಹಿಂದಿನ ಗಾಲಿ ಸುಮ್ಮನೆ ನಿಂತಿದ್ದವು: ಒಂದು ನಾಲ್ಕು ಗಾಲಿ ಡ್ರೈವ್ ಸೆಡಾನ್‌ನ ಪ್ರಕರಣ

ಇದು ಬೆಳಗಾವಿಯ ನನ್ನ ಗ್ಯಾರೇಜಿಗೆ ಬಂದ ಪ್ರಕರಣ. ಮಾಲೀಕರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಅವರ ಹೆಸರು, ಗಾಡಿಯ ಕಂಪನಿ, ಮಾಡೆಲ್ ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮಾಲೀಕರನ್ನು ಸಾವಕಾರ್ರು ಅಂತ, ಅವರ ಗಾಡಿ ಓಡಿಸುವವನನ್ನು ಡ್ರೈವರ್ ಅಂತಷ್ಟೇ ಕರೆಯುತ್ತೇನೆ. ಇಂಥ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಕಡೆ ಬರುತ್ತಿವೆ. ಕೈ ಹಾಕುವ ಮಿಸ್ತ್ರಿಗಳಿಗೂ ಕೊಳ್ಳುವವರಿಗೂ ಈ ಅನುಭವ ಉಪಯೋಗಕ್ಕೆ ಬರಲಿ ಅಂತ ಆಸೆ.

ಹಿನ್ನೆಲೆ

ಸಾವಕಾರ್ರದು ಉದ್ಯಮಬಾಗದ ಕಡೆ ಫೌಂಡ್ರಿ. ಜಾಂಬೋಟಿ ಆಚೆ ತೋಟ. ತಿಂಗಳಿಗೆ ಎರಡು ಸಲ ಪುಣೆ, ನಾಲ್ಕಾರು ಸಲ ಚೋರ್ಲಾ ಘಾಟ್ ಇಳಿದು ಗೋವಾ. ಆ ದಾರಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಆ ದಾರಿಯಲ್ಲೇ ಇದೆ. ಜೂನ್ ಬಂತೆಂದರೆ ಮಳೆ ನಿಲ್ಲುವುದೇ ಇಲ್ಲ, ಮಂಜು ಕವಿದಾಗ ಬಾನೆಟ್‌ನ ಆಚೆ ಏನೂ ಕಾಣದು. ಅದಕ್ಕೇ ಅವರು ಪುಣೆಯಿಂದ ಯುರೋಪ್ ಕಂಪನಿಯ ದೊಡ್ಡ ಸೆಡಾನ್ ಒಂದನ್ನು ತಂದರು. ಡೀಸೆಲ್, ಆಟೋಮ್ಯಾಟಿಕ್ ಗೇರ್, ಮೀಟರ್‌ನಲ್ಲಿ 61,000 ಕಿ.ಮೀ. ಆ ದುಡ್ಡಿಗೆ ಹೊಸ ಎಸ್‌ಯುವಿ ಬರುತ್ತಿತ್ತು. ಆದರೆ ಅವರಿಗೆ ಸೆಡಾನ್‌ನಲ್ಲಿ ಕೂರುವ ಸುಖ ಬೇಕು, ಮಳೆಯಲ್ಲಿ ಧೈರ್ಯವೂ ಬೇಕು. ಡಿಕ್ಕಿಯ ಮೇಲಿದ್ದ ‘ಎಡಬ್ಲ್ಯುಡಿ’ (ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗೆ ಶಕ್ತಿ) ಅನ್ನುವ ಮೂರು ಅಕ್ಷರ ನೋಡಿಯೇ ಕೊಂಡರು.

ಆ ಮೂರು ಅಕ್ಷರದ ಹಿಂದೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಗಾಡಿ ತಿರುವಿನಲ್ಲಿ ಹೋಗುವಾಗ ಮುಂದಿನ ಗಾಲಿ ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಒಳಗಿನಿಂದ ಚಿಕ್ಕ ಸುತ್ತು ಹಾಕುತ್ತವೆ. ಎರಡರ ವೇಗವೂ ಒಂದೇ ಅಲ್ಲ. ಮುಂದಿನದನ್ನೂ ಹಿಂದಿನದನ್ನೂ ಗಟ್ಟಿಯಾಗಿ ಜೋಡಿಸಿಬಿಟ್ಟರೆ ಡಾಂಬರು ರಸ್ತೆಯಲ್ಲಿ ಒಂದನ್ನೊಂದು ಎಳೆದಾಡುತ್ತವೆ. ಹಾಗಾಗಿ ನಡುವೆ ಸಡಿಲ ಕೊಡುವ ಏನಾದರೂ ಬೇಕು. 1980ರಲ್ಲಿ ಆಡಿ ಕಂಪನಿ ತಂದ ಕ್ವಾಟ್ರೊದಲ್ಲಿ ಆ ಕೆಲಸಕ್ಕೆ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಳ ಜೋಡಣೆ ಇತ್ತು. ಆಮೇಲೆ ಅಲ್ಲಿಗೇ ಟಾರ್ಸೆನ್ ಅನ್ನುವ ಜಾತಿಯ ಡಿಫರೆನ್ಷಿಯಲ್ ಬಂತು. ಅದು ಬರೀ ಹಲ್ಲುಗಳ ಕೆಲಸ. ಕಂಪ್ಯೂಟರ್ ಕೇಳುವುದಿಲ್ಲ, ಯಾವಾಗಲೂ ನಾಲ್ಕಕ್ಕೂ ಶಕ್ತಿ ಕೊಡುತ್ತದೆ.

ಸಾವಕಾರ್ರ ಗಾಡಿ ಈ ಜಾತಿಯದಲ್ಲ. ಎಂಜಿನ್ ಅಡ್ಡ ಕೂತಿದೆ. ಮೂಲತಃ ಅದು ಮುಂದಿನ ಗಾಲಿ ಎಳೆಯುವ ಗಾಡಿ. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಒಂದು ಉದ್ದ ಶಾಫ್ಟ್ ಹೋಗುತ್ತದೆ. ಹಿಂದಿನ ಡಿಫರೆನ್ಷಿಯಲ್‌ಗಿಂತ ಸ್ವಲ್ಪ ಮುಂಚೆ ತೆಂಗಿನಕಾಯಿಗಿಂತ ತುಸು ದೊಡ್ಡದೊಂದು ಕಪ್ಲಿಂಗ್. ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟ್‌ಗಳ ಗಂಟು. ಪಕ್ಕದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಎಲೆಕ್ಟ್ರಿಕ್ ಪಂಪ್. ಕಂಪ್ಯೂಟರ್ ಹೇಳಿದಾಗ ಪಂಪ್ ಒತ್ತಡ ಕೊಡುತ್ತದೆ, ಪ್ಲೇಟ್‌ಗಳು ಒತ್ತಿಕೊಳ್ಳುತ್ತವೆ, ಹಿಂದಿನ ಗಾಲಿಗೆ ಶಕ್ತಿ ಹೋಗುತ್ತದೆ. ಒತ್ತಡ ಬಿಟ್ಟರೆ ಮತ್ತೆ ಮುಂದಿನ ಗಾಲಿಯ ಗಾಡಿ. ಇಡೀ ಕಪ್ಲಿಂಗ್‌ಗೆ ಹಿಡಿಯುವ ಎಣ್ಣೆ ಒಂದು ಲೀಟರ್‌ಗೂ ಕಡಿಮೆ. ಹಗುರ, ಡೀಸೆಲ್ ಉಳಿತಾಯ, ಕ್ಷಣಾರ್ಧದಲ್ಲಿ ಕೆಲಸ. ನನಗೆ ಈ ಜೋಡಣೆ ಬಹಳ ಇಷ್ಟ. ಆದರೆ ಆ ಒಂದು ಲೀಟರ್‌ಗೂ ಕಡಿಮೆ ಎಣ್ಣೆಯನ್ನು ಮರೆತರೆ ಎಲ್ಲವೂ ಹೋಯಿತು.

ಸಮಸ್ಯೆ

ಏಪ್ರಿಲ್‌ನಲ್ಲಿ ಗೋವಾದಿಂದ ಬರುವಾಗ ಹಿಂದಿನ ಎಡಗಡೆ ಟೈರ್ ಕಲ್ಲಿಗೆ ಕುಯ್ದುಕೊಂಡಿತು. ಹಿಂದೆ ಎರಡೂ ಹೊಸದು ಹಾಕಿಸಿದರು. ಮುಂದಿನವು ಸವೆದಿದ್ದವು. ‘ಇನ್ನೊಂದು ಮಳೆಗಾಲ ನಡೀತಾವ’ ಅಂತ ಬಿಟ್ಟರು. ಸಾಮಾನ್ಯ ಗಾಡಿಯಾಗಿದ್ದರೆ ನಾನೂ ಹೊಸ ಟೈರನ್ನು ಹಿಂದೆಯೇ ಹಾಕಿ ಅನ್ನುತ್ತಿದ್ದೆ.

ಮೇ ತಿಂಗಳಲ್ಲಿ ಡ್ರೈವರ್ ಒಂದು ಶಬ್ದ ಗಮನಿಸಿದ. ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ‘ಗುರ್ರ್’ ಅನ್ನುವ ಒದರಾಟ. ಮೂರು ವಾರ ಇತ್ತು. ಆಮೇಲೆ ತಾನಾಗೇ ನಿಂತಿತು. ನಿಂತ ಮೇಲೆ ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಜೂನ್ ಎರಡನೇ ವಾರ ಸಾವಕಾರ್ರು ನನ್ನ ಗ್ಯಾರೇಜಿಗೆ ಬಂದರು.

“ನಾಲ್ಕೂ ಗಾಲಿ ಎಳೀತಾವಂತ ತಗೊಂಡೇನ್ರೀ. ಆದ್ರ ಮಳ್ಯಾಗ ನನ್ನ ಹಳೇ ಗಾಡೀನ ಛಲೋ ಇತ್ತ ಅನಸಾಕತ್ತೈತಿ.”

ಘಾಟ್ ಹತ್ತುವಾಗ ತಿರುವಿನಿಂದ ಎದ್ದು ಬರಲು ಆಕ್ಸಿಲರೇಟರ್ ಒತ್ತಿದರೆ ಮುಂದಿನ ಗಾಲಿ ಸುಮ್ನೆ ತಿರುಗುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಗಾಲಿ ಜಾರುತ್ತಿದೆ ಅಂತ ಹೇಳುವ ಟ್ರ್ಯಾಕ್ಷನ್ ಲೈಟ್ ಮಿಣುಕುತ್ತದೆ. ಗಾಡಿಯ ಮೂತಿ ಹೊರಕ್ಕೆ ಜಾರುತ್ತದೆ. ಸ್ಟೇರಿಂಗ್ ಕೈಯಲ್ಲಿ ಎಳೆಯುತ್ತದೆ. ಏನೋ ಕೆಟ್ಟಿದೆ ಅನ್ನುವ ಎಚ್ಚರಿಕೆಯ ದೀಪ ಮಾತ್ರ ಒಂದೂ ಬಂದಿಲ್ಲ.

ಏನೇನು ಮಾಡಿದೆವು

ನನ್ನ ಹತ್ತಿರ ಬರುವ ಮುಂಚೆ ಬೇರೆ ಕಡೆ ವೀಲ್ ಅಲೈನ್‌ಮೆಂಟ್ ಆಗಿತ್ತು, ಮುಂದಿನ ಒಂದು ವೀಲ್ ಸ್ಪೀಡ್ ಸೆನ್ಸರ್ ಬದಲಾಗಿತ್ತು. ಫಲ ಇಲ್ಲ.

ನಾನು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ. ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಕಪ್ಲಿಂಗ್ ಎಲ್ಲಾ ನೋಡಿದೆ. ದೋಷ ಇದೆ ಅಂತ ಹೇಳುವ ಒಂದು ಫಾಲ್ಟ್ ಕೋಡ್ ಕೂಡ ಇಲ್ಲ. ಗಾಡಿಯನ್ನು ಲಿಫ್ಟ್‌ಗೆ ಏರಿಸಿ ಮೆಲ್ಲಗೆ ಡ್ರೈವ್‌ಗೆ ಹಾಕಿದೆವು. ನಾಲ್ಕೂ ಗಾಲಿ ತಿರುಗಿದವು. ‘ಸರಿ ಇದೆ, ಮುಂದಿನ ಟೈರ್ ಸವೆದಿವೆ, ಅದಕ್ಕೇ ಜಾರುತ್ತಿದೆ’ ಅಂತ ಹೇಳಿ ಕಳಿಸಿದೆ.

ಅದು ನನ್ನ ತಪ್ಪು ತೀರ್ಮಾನ. ಗಾಳಿಯಲ್ಲಿ ನೇತಾಡುವ ಗಾಲಿಗೆ ಭಾರವೇ ಇರುವುದಿಲ್ಲ. ಕಪ್ಲಿಂಗ್ ಹಿಡಿಯದಿದ್ದರೂ ಪ್ಲೇಟ್‌ಗಳ ನಡುವಿನ ಎಣ್ಣೆಯ ಅಂಟಿಗೇ ಹಿಂದಿನ ಗಾಲಿ ತಿರುಗುತ್ತವೆ. ಲಿಫ್ಟ್ ಮೇಲೆ ತಿರುಗಿದ್ದನ್ನು ನೋಡಿ ರಸ್ತೆಯಲ್ಲೂ ಎಳೆಯುತ್ತವೆ ಅಂದುಕೊಂಡೆ. ಇದನ್ನು ಬರೆಯಲೇಬೇಕು. ಇದೇ ಪರೀಕ್ಷೆ ಮಾಡಿ ಇದೇ ಮಾತು ಹೇಳಿದವರನ್ನು ಆಮೇಲೆ ಬಹಳ ಜನ ನೋಡಿದ್ದೇನೆ.

ಜುಲೈ ಮೊದಲ ವಾರ ಗಾಡಿ ತೋಟದ ದಾರಿಯಲ್ಲಿ ರಾಡಿಗೆ ಸಿಕ್ಕಿಕೊಂಡಿತು. ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದರು. ಸಾವಕಾರ್ರು ನನ್ನ ಜೊತೆ ಮಾತಾಡುತ್ತಿರುವಾಗ ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದ. ಅವರು ಫೋನ್ ಬಂತೆಂದು ಹೊರಗೆ ಹೋದ ಮೇಲೆ ಒಳಗೆ ಬಂದ.

“ಮಿಸ್ತ್ರಿ ಅಣ್ಣಾರ, ಒಂದ್ ಮಾತ್ ಹೇಳ್ಲೇನ್ರೀ? ಸಾವಕಾರ್ರ ಗಾಡ್ಯಾಗ ಇದ್ರು, ನಾ ಕೆಳಗ ಇಳದು ದೂಡಾಕತ್ತಿದ್ದೆ. ಮುಂದಿನ ಗಾಲಿ ಅಷ್ಟ ತಿರಗತಿದ್ವು. ಹಿಂದಿನವು ಸುಮ್ನ ನಿಂತಿದ್ವು.”

ಮುಂದೆ ಏನೋ ಹೇಳಲು ಹೋಗಿ ನಿಂತ. ನಾನು ಬಿಡಲಿಲ್ಲ. ಆಗ ಮೇ ತಿಂಗಳ ಶಬ್ದದ ವಿಷಯ ಹೊರಗೆ ಬಂತು. “ಅದು ತನ್ನಿಂತಾನ ರಿಪೇರಿ ಆತ್ರೀ” ಅಂದ.

ಈ ಪ್ರಕರಣ ತಿರುಗಿದ್ದು ಇಲ್ಲಿ. ಶಬ್ದ ಬರುತ್ತಿದ್ದಾಗ ಕಪ್ಲಿಂಗ್ ಇನ್ನೂ ಹಿಡಿಯುತ್ತಿತ್ತು, ಕೆಟ್ಟ ಎಣ್ಣೆಯಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಒದರುತ್ತಿತ್ತು. ಶಬ್ದ ನಿಂತ ದಿನ ಅದು ಹಿಡಿಯುವುದನ್ನೇ ಬಿಟ್ಟಿದೆ. ಎರಡು ತಿಂಗಳಿಂದ ಗಾಡಿಯ ಹತ್ತಿರ ಇದ್ದವನು ಅವನೊಬ್ಬನೇ. ನಾನು ಸ್ಕ್ಯಾನರ್ ಕೇಳಿದ್ದೆ, ಸಾವಕಾರ್ರನ್ನು ಕೇಳಿದ್ದೆ, ಅವನನ್ನು ಕೇಳಿರಲಿಲ್ಲ.

ರೋಲರ್ ಮೇಲೆ

ನೆಲದ ಮೇಲೇ ಪರೀಕ್ಷೆ ಮಾಡಬೇಕಿತ್ತು. ಉದ್ಯಮಬಾಗದ ಒಂದು ಲೇಥ್ ಶಾಪ್‌ನಲ್ಲಿ ದಪ್ಪ ಪೈಪ್ ಕತ್ತರಿಸಿ, ಬೇರಿಂಗ್ ಕೂರಿಸಿ, ಎರಡು ಜೊತೆ ರೋಲರ್ ಮಾಡಿಸಿದೆ. ಬೆಳಗಾವಿಯಲ್ಲಿ ಇಂಥ ಕೆಲಸಕ್ಕೆ ಅರ್ಧ ದಿನ ಸಾಕು. ಮುಂದಿನ ಎರಡು ಗಾಲಿ ರೋಲರ್ ಮೇಲೆ, ಹಿಂದಿನವು ನೆಲದ ಮೇಲೆ. ಗಾಡಿಯ ಮುಂದೆ 30 ಅಡಿ ಖಾಲಿ ಮಾಡಿಸಿದೆ, ಯಾರನ್ನೂ ನಿಲ್ಲಲು ಬಿಡಲಿಲ್ಲ. ಹಿಂದಿನ ಗಾಲಿಗೆ ಶಕ್ತಿ ಹೋದರೆ ಗಾಡಿ ರೋಲರ್ ದಾಟಿ ಮುಂದೆ ಬರಬೇಕು.

ಬ್ರೇಕ್ ಬಿಟ್ಟು ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟೆ. ಮುಂದಿನ ಗಾಲಿ ರೋಲರ್ ಮೇಲೆ ಗಿರಗಿರನೆ ತಿರುಗಿದವು. ಗಾಡಿ ಒಂದು ಇಂಚು ಕದಲಲಿಲ್ಲ. ಇನ್ನಷ್ಟು ಕೊಟ್ಟೆ. ಊಹೂಂ.

ಆಮೇಲೆ ಗಾಡಿ ಏರಿಸಿ ಕೆಳಗೆ ಹೋದೆ. ನನ್ನ ಗ್ಯಾರೇಜಿನ ಹುಡುಗ ಸ್ಕ್ಯಾನರ್‌ನಿಂದ ಪಂಪ್‌ಗೆ ಆಜ್ಞೆ ಕೊಟ್ಟ. ಪಂಪ್ ತಿರುಗಿತು. ಆದರೆ ಆ ಶಬ್ದ ತೆಳ್ಳಗಿತ್ತು, ಬರಿದಾದ ಗ್ಲಾಸಿನಲ್ಲಿ ಸ್ಟ್ರಾ ಎಳೆದ ಹಾಗೆ. ಪಂಪ್‌ಗೆ ಕರೆಂಟ್ ಹೋಗುತ್ತಿದೆ, ಮೋಟಾರ್ ತಿರುಗುತ್ತಿದೆ, ಹಾಗಾಗಿ ಕಂಪ್ಯೂಟರ್‌ಗೆ ಎಲ್ಲಾ ಸರಿ ಕಂಡಿದೆ. ಒತ್ತಡ ನಿಜವಾಗಿ ಹುಟ್ಟಿತೋ ಇಲ್ಲವೋ ಅಂತ ಹೇಳುವ ಸೆನ್ಸರ್ ಈ ಕಪ್ಲಿಂಗ್‌ನಲ್ಲಿ ಇಲ್ಲ.

ಎರಡು ಬೋಲ್ಟ್ ಬಿಚ್ಚಿ ಪಂಪ್ ಎಳೆದೆ. ಅದರ ತುದಿಯಲ್ಲಿ ಎಣ್ಣೆ ಸೋಸುವ ಉಗುರಗಲದ ಜಾಲಿ ಇರುತ್ತದೆ. ಜಾಲಿ ಕಾಣಲೇ ಇಲ್ಲ. ಅದರ ಮೇಲೆ ಬೂದು ಮಿಶ್ರಿತ ಕಪ್ಪು ಗಸಿ, ಎಣ್ಣೆ ಹಾಕಿ ಕಲಸಿದ ಕಾಡಿಗೆಯಂತೆ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ. ಅದು ಹೊರಗಿನ ಕೊಳೆ ಅಲ್ಲ, ಕ್ಲಚ್ ಪ್ಲೇಟ್‌ಗಳದ್ದೇ ಸವೆದ ಪುಡಿ. ಹಳೆಯ ಸರ್ವಿಸ್ ಬಿಲ್ ಎಲ್ಲಾ ತರಿಸಿ ನೋಡಿದೆ. ಎಂಜಿನ್ ಆಯಿಲ್ ಇದೆ, ಗೇರ್‌ಬಾಕ್ಸ್ ಆಯಿಲ್ ಕೂಡ ಇದೆ. ಕಪ್ಲಿಂಗ್ ಎಣ್ಣೆ ಬದಲಿಸಿದ ಒಂದು ಸಾಲೂ ಇಲ್ಲ.

ಪುಡಿ ಇಷ್ಟು ಬೇಗ ಯಾಕೆ ಬಂತು?

ಟೈರ್‌ಗೆ ಸೀಮೆಸುಣ್ಣದ ಗೆರೆ ಎಳೆದೆ, ನೆಲಕ್ಕೂ ಎಳೆದೆ. ಗಾಡಿಯನ್ನು ಮೆಲ್ಲಗೆ ತಳ್ಳಿ ಐದು ಸುತ್ತು ಆದ ಮೇಲೆ ಟೇಪ್ ಹಿಡಿದೆವು. ಹಿಂದಿನ ಹೊಸ ಟೈರ್ 10 ಮೀಟರ್ 40 ಸೆಂ.ಮೀ. ಮುಂದಿನ ಸವೆದ ಟೈರ್ 10 ಮೀಟರ್ 29 ಸೆಂ.ಮೀ. ಹುಡುಗರು ‘ಇಷ್ಟೇನಾ’ ಅಂದರು. ಲೆಕ್ಕ ಮಾಡಿ ತೋರಿಸಿದೆ. ಟೈರ್ ಮೇಲಿನ ಸಾಲಿನ ಆಳ ಮುಂದೆ 3 ಮಿ.ಮೀ., ಹಿಂದೆ ಏಳೂವರೆ. ಐದು ಸುತ್ತಿಗೆ 11 ಸೆಂ.ಮೀ., ಅಂದರೆ ಒಂದು ಸುತ್ತಿಗೆ 22 ಮಿ.ಮೀ. ವ್ಯತ್ಯಾಸ. ಒಂದು ಕಿಲೋಮೀಟರ್‌ಗೆ ಮುಂದಿನ ಗಾಲಿ ಸುಮಾರು 5 ಸುತ್ತು ಹೆಚ್ಚು ತಿರುಗಬೇಕು. ಬೆಂಗಳೂರಿಗೆ ಒಂದು ಸಲ ಹೋದರೆ 2,500 ಸುತ್ತು. ಏಪ್ರಿಲ್‌ನಿಂದ ಓಡಿದ್ದು ಹತ್ತಿರ ಹತ್ತಿರ 6,000 ಕಿ.ಮೀ. ಅಂದರೆ 30,000 ಸುತ್ತು. ಕಪ್ಲಿಂಗ್ ಕೂತಿರುವುದು ಶಾಫ್ಟ್ ಮೇಲೆ. ಶಾಫ್ಟ್ ಗಾಲಿಗಿಂತ ಎರಡು ಮೂರು ಪಟ್ಟು ಜೋರಾಗಿ ತಿರುಗುತ್ತದೆ. ಹಾಗಾಗಿ ಪ್ಲೇಟ್‌ಗಳ ಪಾಲಿಗೆ ಆ ಲೆಕ್ಕ ಇನ್ನೂ ದೊಡ್ಡದು. ಹೆದ್ದಾರಿಯಲ್ಲಿ ನೇರ ಹೋಗುವಾಗಲೂ, ಕಪ್ಲಿಂಗ್ ಸ್ವಲ್ಪ ಹಿಡಿದಾಗೆಲ್ಲಾ, ಅವು ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇದ್ದವು. ಎಣ್ಣೆ ಮೊದಲೇ ಹಳೆಯದು. ಟೈರ್ ಅದಕ್ಕೆ ಕೊನೆಯ ಪೆಟ್ಟು ಕೊಟ್ಟಿತು.

ಟೈರ್ ವಿಷಯಕ್ಕೆ ಜಗ್ಗಾಟ

ಇಲ್ಲಿ ಎರಡು ತೀರ್ಮಾನ ಇದ್ದವು. ಮೊದಲನೆಯದು ಪಂಪ್. ಹೊಸದು ಹಾಕುವುದೋ, ತೊಳೆದು ಹಾಕುವುದೋ? ಪಂಪ್ ಬಿಚ್ಚಿ ನೋಡಿದರೆ ಒಳಗಿನ ಪಿಸ್ಟನ್‌ಗಳು ಚೆನ್ನಾಗಿದ್ದವು. ತೊಳೆದು, ಹೊಸ ಸೀಲ್ ಹಾಕಿ, ಎಣ್ಣೆ ಬದಲಿಸಿದೆ. ಒಂದು ಷರತ್ತು ಹಾಕಿದೆ: 1,500 ಕಿ.ಮೀ.ಗೆ ಮತ್ತೆ ಬಿಚ್ಚಿ ನೋಡಬೇಕು. ಜಾಲಿಗೆ ಸಿಕ್ಕದ ಪುಡಿ ಇನ್ನೂ ಪ್ಲೇಟ್‌ಗಳ ಸಂದಿಯಲ್ಲಿ ಇರುತ್ತದೆ ಅಂತ ಗೊತ್ತಿತ್ತು.

ಎರಡನೆಯದು ಟೈರ್. ಸಾವಕಾರ್ರು ಒಪ್ಪಲಿಲ್ಲ. ‘ಇನ್ನೂ 3 ಮಿ.ಮೀ. ಐತಲ್ರೀ, ಕಾನೂನಿನ ಪ್ರಕಾರ ನಡೀತೈತಿ.’ ಹೌದು, ಕಾನೂನಿಗೆ ನಡೆಯುತ್ತದೆ, ಕಪ್ಲಿಂಗ್‌ಗೆ ನಡೆಯುವುದಿಲ್ಲ ಅಂದೆ. ಸುಮ್ಮನಾದರು. ನನಗೂ ಒತ್ತಾಯ ಮಾಡಲು ಆಗಲಿಲ್ಲ. ಆಗಿನ್ನೂ ನನ್ನ ಮೊದಲ ತೀರ್ಮಾನ ತಪ್ಪಾಗಿದ್ದು ಇಬ್ಬರಿಗೂ ನೆನಪಿತ್ತು.

1,500 ಕಿ.ಮೀ. ಆದ ಮೇಲೆ ಅವರ ಎದುರಿಗೇ ಬಿಚ್ಚಿದೆ. ಹೊಸ ಎಣ್ಣೆ ಆಗಲೇ ಚಹಾದ ಬಣ್ಣಕ್ಕೆ ತಿರುಗಿತ್ತು. ಜಾಲಿಯ ಅರ್ಧ ಭಾಗಕ್ಕೆ ಮತ್ತೆ ಗಸಿ. ಬಿಳಿ ಬಟ್ಟೆಯ ಮೇಲೆ ಹರಡಿ ತೋರಿಸಿದೆ. ಅವರು ಬಗ್ಗಿ ನೋಡುತ್ತಾ ಇದ್ದರು. ಅವರ ಜೊತೆ ತೋಟ ನೋಡಿಕೊಳ್ಳುವ ಅಣ್ಣನೂ ಬಂದಿದ್ದರು. ಅವರೇ ಮಾತು ತೆಗೆದರು.

“ತಮ್ಮಾ, ಇದು ನಮ್ಮ ಟ್ರ್ಯಾಕ್ಟರಿಂದ ಕಥಿ ಅಲ್ಲೇನು? ಹೊಲದಾಗ ಮುಂದಿನ ಡ್ರೈವ್ ಹಾಕತೀವಿ. ಡಾಂಬರಿಗೆ ಬಂದ ಕೂಡ್ಲೇ ತಗೀತೀವಿ. ತಗೀಲಿಲ್ಲಂದ್ರ ಟೈರೂ ತಿಂತೈತಿ, ಗೇರೂ ತಿಂತೈತಿ.”

ಎಷ್ಟು ಸರಿಯಾದ ಮಾತು! ನಾಲ್ಕು ಗಾಲಿ ಡ್ರೈವ್ ಟ್ರ್ಯಾಕ್ಟರ್‌ನಲ್ಲಿ ಮುಂದಿನ ಗಾಲಿಯನ್ನು ಬೇಕೆಂದೇ ಶೇಕಡಾ 1ರಿಂದ 5ರಷ್ಟು ಜೋರಾಗಿ ತಿರುಗಿಸುತ್ತಾರೆ, ಮೆತ್ತಗಿನ ಮಣ್ಣಿನಲ್ಲಿ ಅದು ಎಳೆಯಲಿ ಅಂತ. ಗಟ್ಟಿ ರಸ್ತೆಯಲ್ಲಿ ಅದೇ ವ್ಯತ್ಯಾಸ ಶತ್ರು. ಸವೆದ ಟೈರ್ ಹಾಕಿಕೊಂಡು ಸಾವಕಾರ್ರು ತಮ್ಮ ಸೆಡಾನ್‌ನಲ್ಲಿ ಶೇಕಡಾ 1ರ ಟ್ರ್ಯಾಕ್ಟರ್ ಮಾಡಿಟ್ಟುಕೊಂಡಿದ್ದರು, ಅದೂ ಹೆದ್ದಾರಿಯಲ್ಲಿ ಓಡುವಂಥದ್ದು. ನಾನು ಒಂದು ತಿಂಗಳಿಂದ ಲೆಕ್ಕ ಹೇಳಿ ಆಗದ್ದನ್ನು ಅವರ ಅಣ್ಣ ಒಂದೇ ಮಾತಲ್ಲಿ ಮುಗಿಸಿದರು.

ಈ ನಂಟು ಹಳೆಯದೇ. ರಸ್ತೆಯ ಕಾರಿಗೆ ನಾಲ್ಕು ಗಾಲಿ ಡ್ರೈವ್ ತರಲು ದುಡಿದವರಲ್ಲಿ ದೊಡ್ಡ ಹೆಸರು ಹ್ಯಾರಿ ಫರ್ಗ್ಯುಸನ್. ನಮ್ಮ ಹಳ್ಳಿಗಳಲ್ಲಿ ಕೆಂಪು ಟ್ರ್ಯಾಕ್ಟರ್ ಮೇಲೆ ಕಾಣುವ ಅದೇ ಫರ್ಗ್ಯುಸನ್. ಅವರ ಸಂಶೋಧನಾ ಕಂಪನಿಯ ವ್ಯವಸ್ಥೆ ಹಾಕಿಕೊಂಡೇ 1966ರಲ್ಲಿ ಬ್ರಿಟನ್ನಿನ ಜೆನ್ಸನ್ ಎಫ್‌ಎಫ್ ಕಾರು ಬಂತು. ಕ್ವಾಟ್ರೊಗಿಂತ 14 ವರ್ಷ ಮೊದಲು. ಅದನ್ನು ನೋಡಲು ಅವರು ಬದುಕಿರಲಿಲ್ಲ, 1960ರಲ್ಲೇ ತೀರಿಕೊಂಡಿದ್ದರು. ಇದನ್ನು ಹೇಳಿದಾಗ ಅಣ್ಣನವರ ಮುಖ ಅರಳಿತು.

ಅದೇ ದಿನ ಮುಂದಿನ ಎರಡು ಟೈರ್‌ಗೆ ಆರ್ಡರ್ ಹೋಯಿತು. ಹಿಂದಿನವುಗಳದ್ದೇ ಕಂಪನಿ, ಅದೇ ಮಾದರಿ, ಅದೇ ಅಳತೆ. ಹಿಂದಿನವು ಅಷ್ಟರಲ್ಲಿ 7 ಮಿ.ಮೀ.ಗೆ ಬಂದಿದ್ದವು, ಹೊಸವು 8. ಇಷ್ಟು ವ್ಯತ್ಯಾಸಕ್ಕೆ ತೊಂದರೆ ಇಲ್ಲ. ಎಣ್ಣೆ ಮತ್ತೊಮ್ಮೆ ಬದಲಿಸಿದೆ, ಜಾಲಿ ಮತ್ತೆ ತೊಳೆದೆ. ರೋಲರ್ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ಮುಟ್ಟಿದ್ದೇ ತಡ, ಗಾಡಿ ಹಿಂದಿನಿಂದ ಯಾರೋ ನೂಕಿದ ಹಾಗೆ ರೋಲರ್ ದಾಟಿ ಬಂತು.

ಘಾಟ್‌ನಲ್ಲಿ

ಆಗಸ್ಟ್‌ನಲ್ಲಿ ಜೋರು ಮಳೆಯ ಒಂದು ದಿನ ಸಾವಕಾರ್ರ ಪಕ್ಕ ಕೂತು ಚೋರ್ಲಾಕ್ಕೆ ಹೋದೆ. ಹತ್ತುವ ದಾರಿಯಲ್ಲಿ ಆ ಗಾಡಿಯ ನಿಜವಾದ ಗುಣ ಅವತ್ತು ಕಂಡಿತು. ತಿರುವಿನ ನಡುವೆ ಆಕ್ಸಿಲರೇಟರ್ ಕೊಟ್ಟರೆ ಮೂತಿ ಹೊರಗೆ ಓಡುವುದಿಲ್ಲ. ಹಿಂಭಾಗ ಸ್ವಲ್ಪ ಕೂರುತ್ತದೆ, ಬೆನ್ನಿಗೆ ಒಂದು ನೂಕು ಸಿಗುತ್ತದೆ, ಸ್ಟೇರಿಂಗ್ ಕೈಯಲ್ಲಿ ಶಾಂತವಾಗಿ ಇರುತ್ತದೆ. ಮುಂದಿನ ಗಾಲಿಗೆ ದಿಕ್ಕು ತೋರಿಸುವ ಕೆಲಸಕ್ಕೆ ಬಿಡುವು ಸಿಕ್ಕಿರುತ್ತದೆ, ಎಳೆಯುವ ಕೆಲಸದಲ್ಲಿ ಪಾಲು ಹಿಂದಕ್ಕೆ ಹೋಗಿರುತ್ತದೆ. ಟ್ರ್ಯಾಕ್ಷನ್ ಲೈಟ್ ಒಂದು ಸಲವೂ ಮಿಣುಕಲಿಲ್ಲ. ಸಾವಕಾರ್ರು ಚಿಕ್ಕ ಹುಡುಗನ ಹಾಗೆ ನಕ್ಕರು. ನನಗೂ ಖುಷಿ ಆಯಿತು, ಯಾಕೆ ಸುಳ್ಳು ಹೇಳಲಿ.

ಇಳಿಯುವಾಗ ಖುಷಿ ಕಡಿಮೆ ಆಯಿತು. ಅವರು ಹತ್ತುವಾಗಿನ ಧೈರ್ಯವನ್ನೇ ಇಳಿಜಾರಿಗೂ ತಂದಿದ್ದರು. ಗಾಡಿ ನಿಲ್ಲಿಸಲು ಹೇಳಿ, ಗ್ಲಾಸಿನ ಮೇಲಿನ ಆವಿಯಲ್ಲೇ ಬೆರಳಿನಿಂದ ಬರೆದು ತೋರಿಸಿದೆ. ಬ್ರೇಕ್ ಎಲ್ಲಾ ಗಾಡಿಯಲ್ಲೂ ನಾಲ್ಕು ಗಾಲಿಗೇ ಇರುತ್ತದೆ. ಅದಕ್ಕೆ ಡ್ರೈವ್ ಎಷ್ಟು ಗಾಲಿಗೆ ಅನ್ನುವುದು ಲೆಕ್ಕಕ್ಕಿಲ್ಲ. ಒದ್ದೆ ರಸ್ತೆಯ ಹಿಡಿತವನ್ನು ಒಣ ರಸ್ತೆಗಿಂತ ಬಹಳ ಕಡಿಮೆ, ಗಾಡಿಯ ತೂಕದ ಅರ್ಧದಷ್ಟು, ಅಂದರೆ 0.5 ಅಂತ ಹಿಡಿಯೋಣ. ಸಮತಟ್ಟಾದ ರಸ್ತೆಯಲ್ಲೇ 60 ಕಿ.ಮೀ. ವೇಗದಿಂದ ನಿಲ್ಲಲು 28 ಮೀಟರ್ ಬೇಕು. 80ರಿಂದ 50 ಮೀಟರ್. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಎಡಬ್ಲ್ಯುಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜಾರುವ ರಸ್ತೆ ಅಂತ ಸಾಮಾನ್ಯ ಗಾಡಿ ಹತ್ತುವಾಗಲೇ ಗಾಲಿ ತಿರುಗಿಸಿ ಎಚ್ಚರಿಸುತ್ತದೆ. ಈ ಗಾಡಿ ಆ ಎಚ್ಚರಿಕೆ ಕೊಡುವುದೇ ಇಲ್ಲ. ಇಂಥ ಗಾಡಿ ರಿಪೇರಿ ಮಾಡಿ ಕೊಡುವಾಗ ಈ ಮಾತು ಹೇಳದೆ ಕೀಲಿ ಕೊಡಬಾರದು ಅಂತ ನನಗೆ ಅನ್ನಿಸಿದ್ದು ಆಗಲೇ.

ಆಮೇಲೆ

ನವೆಂಬರ್‌ನಲ್ಲಿ, ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗೆ ಇಳಿದಿದ್ದ ಹೊತ್ತಿಗೆ, ಮೂರನೇ ಸಲ ಜಾಲಿ ತೆಗೆದು ನೋಡಿದೆ. ಸ್ವಚ್ಛ ಇತ್ತು. ಎಣ್ಣೆ ಇನ್ನೂ ತಿಳಿಯಾಗಿತ್ತು. ಈಗ ಇಂಥ ಕಪ್ಲಿಂಗ್‌ನ ಎಣ್ಣೆಯನ್ನು 40,000 ಕಿ.ಮೀ.ಗೆ ಬದಲಿಸುತ್ತೇನೆ, ಬದಲಿಸುವಾಗ ಪಂಪ್ ಎಳೆದು ಜಾಲಿ ನೋಡಿಯೇ ನೋಡುತ್ತೇನೆ. ಬರೀ ಎಣ್ಣೆ ಸುರಿದು ಹೊಸದು ತುಂಬಿದರೆ ಜಾಲಿಯ ಗಸಿ ಅಲ್ಲೇ ಇರುತ್ತದೆ. ನಾಲ್ಕು ಟೈರ್‌ನ ಆಳ ಅಳೆದು 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮಾಲೀಕರಿಗೆ ಬರೆದು ಕೊಡುತ್ತೇನೆ. ಗಾಡಿ ತಂದವರು ಯಾರೇ ಇರಲಿ, ಅದನ್ನು ದಿನಾ ಓಡಿಸುವವರು ಯಾರು ಅಂತ ಮೊದಲು ಕೇಳಿ ಅವರ ಜೊತೆ ಹತ್ತು ನಿಮಿಷ ಕೂರುತ್ತೇನೆ. ‘ಮೊದಲು ಬರುತ್ತಿದ್ದು ಈಗ ನಿಂತಿರುವ ಶಬ್ದ ಯಾವುದಾದರೂ ಇದೆಯಾ’ ಅನ್ನುವ ಪ್ರಶ್ನೆ ನನ್ನ ಜಾಬ್ ಕಾರ್ಡ್‌ನಲ್ಲಿ ಅಚ್ಚಾಗಿದೆ.

ಕಳೆದ ತಿಂಗಳು ನಿಪ್ಪಾಣಿ ಕಡೆಯಿಂದ ಇನ್ನೊಂದು ಇಂಥದೇ ಸೆಡಾನ್ ಬಂತು. ಫಾಲ್ಟ್ ಕೋಡ್ ಇಲ್ಲ, ಲಿಫ್ಟ್ ಮೇಲೆ ನಾಲ್ಕೂ ಗಾಲಿ ತಿರುಗಿದವು ಅಂತ ಬೇರೆ ಕಡೆ ಹೇಳಿ ಕಳಿಸಿದ್ದರಂತೆ. ನಾನು ಏನೂ ಹೇಳುವ ಮೊದಲೇ ನನ್ನ ಹುಡುಗ ಮೂಲೆಯಿಂದ ರೋಲರ್ ಉರುಳಿಸಿಕೊಂಡು ಬಂದ.